ಕಾಯಿ ಕದ್ದವನ ವಯಸ್ಸೆಷ್ಟು?

ತಿಪಟೂರು ಸೀಮೆಯಲ್ಲಿ ಕಾಯಿ ಕಳ್ಳ ಸಿಕ್ಕಿಬಿದ್ದನೆಂದರೆ ಮೊದಲ ತೀರ್ಪು ತೋಟದಲ್ಲೇ! ‘ಮರಕ್ಕೆ ಕಟ್ಟಿ ನಾಲ್ಕು ಬಿಡ್ರಿ, ಬುದ್ಧಿ ಬರುತ್ತೆ.’ ಠಾಣೆ, ಕೋರ್ಟು ಎಲ್ಲ ಆಮೇಲೆ.

ತುರುವೇಕೆರೆ ಕಡೆಯ ಒಂದು ತೋಟ ಎಂದಿಟ್ಟುಕೊಳ್ಳಿ. ರಾಶಿ ಹಾಕಿದ್ದ ಕಾಯಿಯನ್ನು ರಾತ್ರಿ ಇಬ್ಬರು ಮೂಟೆ ಕಟ್ಟಿ ಹೊತ್ತರು. ಒಬ್ಬನಿಗೆ 19, ಇನ್ನೊಬ್ಬನಿಗೆ 17. ಮೂಟೆ ಒಂದೇ, ದಾರಿ ಎರಡು. ದೊಡ್ಡವನಿಗೆ ಲಾಕಪ್ಪು, ಕೋರ್ಟು, ಜಾಮೀನು ಸಿಗದಿದ್ದರೆ ಜೈಲು. ಚಿಕ್ಕವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಅಲ್ಲಿರುವುದು ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮಾಜಸೇವೆ ಮಾಡಿಸಬಹುದು. ವಿಶೇಷ ಗೃಹಕ್ಕೆ ಹಾಕಿದರೂ 3 ವರ್ಷ ಮೀರುವಂತಿಲ್ಲ.

ಮಂಡಳಿ ಜಿಲ್ಲಾಮಟ್ಟದ್ದು. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗನಾದರೆ ಅವನ ತಾಯಿ ಕೂಲಿ ಬಿಟ್ಟು ತುಮಕೂರಿನ ಬಸ್ಸು ಹತ್ತಬೇಕು, ಪಾಪ.

‘ಹಾಗಾದ್ರೆ ಹುಡುಗ್ರು ಏನ್ ಮಾಡಿದ್ರೂ ನಡೆಯುತ್ತಾ?’ ಇಲ್ಲ. 2012ರ ದೆಹಲಿ ಪ್ರಕರಣದ ನಂತರ ಎದ್ದ ಕೂಗಿಗೆ 2015ರ ಕಾಯ್ದೆ ಬಂತು. 16 ತುಂಬಿದವನು ಕನಿಷ್ಠ 7 ವರ್ಷ ಶಿಕ್ಷೆಯ ಘೋರ ಅಪರಾಧ ಮಾಡಿದ್ದರೆ, ಮಂಡಳಿ ಪರಿಶೀಲಿಸಿ ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು. ಆಗಲೂ ನೇಣಿಲ್ಲ. ಕಾಯಿ ಕಳವು ಆ ಪೈಕಿಗೆ ಸೇರುವುದಿಲ್ಲ ಬಿಡಿ.

ಎಲ್ಲ ನಿಂತಿರುವುದು ಕಳವಾದ ದಿನದ ವಯಸ್ಸಿನ ಮೇಲೆ. ಮೊದಲು ನೋಡುವುದು ಶಾಲೆಯ ದಾಖಲೆ. ಅದಿಲ್ಲದಿದ್ದರೆ ಪಂಚಾಯ್ತಿ ಇಲ್ಲವೇ ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಡಾಕ್ಟರ ಪರೀಕ್ಷೆ. ಹಳ್ಳಿ ಮೇಷ್ಟ್ರು ಹುಡುಗನ ಎತ್ತರ ನೋಡಿ, ಜೂನ್ ತಿಂಗಳ ಯಾವುದೋ ತಾರೀಖು ಬರೆದು ಒಂದನೇ ಕ್ಲಾಸಿಗೆ ಸೇರಿಸಿಕೊಂಡದ್ದು ಯಾರಿಗೆ ಗೊತ್ತಿಲ್ಲ? ಅಂಥ ತಾರೀಖೇ ಮುಂದೊಂದು ದಿನ ಲಾಕಪ್ಪೋ ಮಂಡಳಿಯೋ ಎಂದು ತೀರ್ಮಾನಿಸಿಬಿಡುತ್ತದೆ!

ಸಣ್ಣ ಕಳವಿನ ವಿಚಾರಣೆ 4 ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಕೇಸೇ ಬಿದ್ದುಹೋಗುತ್ತದೆ. ಕಾಗದಪತ್ರಗಳನ್ನೂ ಅವಧಿ ಕಳೆದ ಮೇಲೆ ನಾಶ ಮಾಡಬೇಕು. ಮುಂದೆ ಕೆಲಸಕ್ಕೆ ಅರ್ಜಿ ಹಾಕಿದಾಗ ಈ ಹಳೇ ಮೂಟೆ ಅಡ್ಡ ಬರಬಾರದು.

ಅಂಗಡಿಕಟ್ಟೆಯ ಫೋನು ಮಾತ್ರ ಏನನ್ನೂ ನಾಶ ಮಾಡುವುದಿಲ್ಲ. ಮರಕ್ಕೆ ಕಟ್ಟಿದ ಹುಡುಗನ ಫೋಟೋ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತುತ್ತದೆ. ಕೇಸಿನಲ್ಲಿ ಸಿಕ್ಕ ಬಾಲಕನ ಹೆಸರು, ವಿಳಾಸ, ಶಾಲೆ, ಫೋಟೋ ಯಾವುದನ್ನೂ ಬಯಲು ಮಾಡುವಂತಿಲ್ಲ. ಈ ನಿಯಮ ಪತ್ರಿಕೆಗೂ ಒಂದೇ, ಫೋನು ಹಿಡಿದವರಿಗೂ ಒಂದೇ. ಮೀರಿದರೆ 6 ತಿಂಗಳವರೆಗೆ ಸಜೆ, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಎರಡು ಲಕ್ಷಕ್ಕೆ ಎಷ್ಟು ಮೂಟೆ ಕಾಯಿ ಆಗುತ್ತದೋ, ತೋಟದವರೇ ಲೆಕ್ಕ ಹಾಕಲಿ.