ಡಿಸ್ಚಾರ್ಜ್ ಆಯ್ತು, ಮುಂದೇನು?

ಸೊಂಟದ ಮೂಳೆ ಮುರಿದ ಅತ್ತೆಗೋ, ಪಾರ್ಶ್ವವಾಯು ಬಡಿದ ಅಪ್ಪನಿಗೋ 'ನಾಳೆ ಡಿಸ್ಚಾರ್ಜ್' ಅಂತ ಡಾಕ್ಟರ್ ಹೇಳಿದರೆ ಮನೆಮಂದಿಗೆಲ್ಲ ನಿರಾಳ. ಆದರೆ ಎತ್ತಿ ಕೂರಿಸೋದು, ಬಾತ್‌ರೂಮಿಗೆ ಕರೆದೊಯ್ಯೋದು, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು... ಇದೆಲ್ಲ ಯಾರ ತಲೆಗೆ? ಉತ್ತರ ನಿಮಗೇ ಗೊತ್ತು!

ಬೆಂಗಳೂರಿನಂಥ ನಗರಗಳಲ್ಲಿ ಈಗ ರಿಹ್ಯಾಬ್ ಕೇಂದ್ರಗಳಿವೆ. 'ಸೊಸೆ ಹೊರಗೆ ಹಾಕಿದಳು' ಅಂತಾರೇನೋ ಎಂಬ ಅಳುಕು ಬೇಡ. ಇದು ವೃದ್ಧಾಶ್ರಮವಲ್ಲ. ಕೆಲವು ವಾರ ಚಿಕಿತ್ಸೆ, ವ್ಯಾಯಾಮ ಪಡೆದು ಮನೆಗೆ ಮರಳುವ ಜಾಗ. ಪಾರ್ಶ್ವವಾಯುವಿನಲ್ಲಿ ಚೇತರಿಕೆ ಹೆಚ್ಚಾಗಿ ಕಾಣೋದು ಮೊದಲ ಮೂರು ತಿಂಗಳಲ್ಲಿ. ಆ ಅಮೂಲ್ಯ ಕಾಲ ಹಾಸಿಗೆಯಲ್ಲೇ ಕಳೆದುಹೋಗಬಾರದು.

ಆಯ್ಕೆಗೆ ಮುನ್ನ ಇವನ್ನು ಗಮನಿಸಿ:

* ಡಿಸ್ಚಾರ್ಜ್ ದಿನ ಹುಡುಕಲು ಹೊರಡಬೇಡಿ. ಎರಡು ಮೂರು ದಿನ ಮೊದಲೇ ಡಾಕ್ಟರನ್ನು ಕೇಳಿ: ಬೇಕಿರುವುದು ಫಿಸಿಯೋಥೆರಪಿಯೇ, ಮಾತಿನ ಥೆರಪಿಯೇ, ನುಂಗಲು ತರಬೇತಿಯೇ? ವಾಕರ್ ಹಿಡಿದು ನಡೆಯುವವರಿಗೆ ಮನೆಗೇ ಬರುವ ಫಿಸಿಯೋಥೆರಪಿಸ್ಟ್ ಸಾಕಾಗಬಹುದು.

* ಖಾಸಗಿ ನರ್ಸಿಂಗ್ ಹೋಂಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಪ್ರಮಾಣಪತ್ರ ತೋರಿಸಿ ಅನ್ನಲು ಸಂಕೋಚ ಬೇಡ.

* ಊಟದ ಹೊತ್ತಿಗೆ ಹೋಗಿ ನೋಡಿ. ರೋಗಿಯನ್ನು ನೆಟ್ಟಗೆ ಕೂರಿಸಿ, ನಿಧಾನವಾಗಿ ಉಣಿಸ್ತಾರಾ? ಕುಡಿಯೋ ನೀರು ಕೈಗೆಟುಕುತ್ತಾ? ಬೆಲ್ ಒತ್ತಿದರೆ ಯಾರಾದರೂ ಬರ್ತಾರಾ? ಲಾಬಿಯ ಸೋಫಾಕ್ಕಿಂತ ಇದು ಮುಖ್ಯ.

* ರಾತ್ರಿ ಪಾಳಿಯಲ್ಲಿ ತರಬೇತಾದ ನರ್ಸ್ ಎಷ್ಟು ಮಂದಿ, ಆಯಾಗಳು ಎಷ್ಟು ಮಂದಿ? ತುರ್ತು ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ?

* ದಿನದ ಬಾಡಿಗೆಯಲ್ಲಿ ಥೆರಪಿ, ಡೈಪರ್, ಔಷಧಿ ಸೇರಿವೆಯೇ? ಬರವಣಿಗೆಯಲ್ಲಿ ಪಡೆಯಿರಿ.

* ಇನ್ಶೂರೆನ್ಸ್ ಇದೆಯೆಂದು ನಿಶ್ಚಿಂತರಾಗಬೇಡಿ. ಬರೀ ವಿಶ್ರಾಂತಿ, ದೈನಂದಿನ ಆರೈಕೆಗಾಗಿ ಸೇರಿದರೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದಿಲ್ಲ. ಮೊದಲೇ ವಿಚಾರಿಸಿ.

ಸೇರಿಸಿದ ಮೇಲೂ ಹೋಗಿ ಬರುತ್ತಿರಿ. ಬೆನ್ನು, ಹಿಮ್ಮಡಿ ಕೆಂಪಾಗಿದೆಯಾ ನೋಡಿ. ಎತ್ತುವ, ನಡೆಸುವ ರೀತಿಯನ್ನು ಥೆರಪಿಸ್ಟ್ ಹತ್ತಿರ ಕಲಿತುಕೊಳ್ಳಿ, ಗಂಡ-ಮಕ್ಕಳಿಗೂ ಕಲಿಸಿ. ಅಷ್ಟರಲ್ಲಿ ಬಾತ್‌ರೂಮಿಗೆ ಹಿಡಿಕೆ ಹಾಕಿಸಿಬಿಡಿ. ಹಿರಿಯರು ಮನೆಗೆ ಬಂದಾಗ ಆರೈಕೆ ಎಲ್ಲರದ್ದಾಗಲಿ, ನಿಮ್ಮೊಬ್ಬರದೇ ಆಗದಿರಲಿ.