ಮುಳುಗುವ ಮರ, ತೇಲುವ ಕಬ್ಬಿಣ: ಪದಾರ್ಥಗಳ ವಿಂಗಡಣೆಯಲ್ಲಿ ತಪ್ಪು ಕಲ್ಪನೆ ಮತ್ತು ಸತ್ಯ

ಶಾಲೆಯ ವಿಜ್ಞಾನ ಪಾಠಗಳಲ್ಲಿ ಸುತ್ತಲಿನ ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುವ ಪಾಠವು ಬಹಳ ಸುಲಭವಾದುದೆಂದು ಹೆಸರಾಗಿದ್ದರೂ, ತಪ್ಪು ಕಲ್ಪನೆಗಳು ಬೇರೂರುವುದು ಹೆಚ್ಚಾಗಿ ಇಲ್ಲಿಯೇ. ಇದಕ್ಕೆ ಮುಖ್ಯ ಕಾರಣ, ವಸ್ತು ಮತ್ತು ಪದಾರ್ಥ ಎಂಬ ಎರಡನ್ನು ಬೇರೆ ಬೇರೆಯಾಗಿ ಗ್ರಹಿಸದಿರುವುದು. ಚೊಂಬು ಒಂದು ವಸ್ತು; ಅದನ್ನು ಮಾಡಲು ಬಳಸಿದ ತಾಮ್ರ, ಹಿತ್ತಾಳೆ, ಸ್ಟೀಲ್ ಅಥವಾ ಪ್ಲಾಸ್ಟಿಕ್ ಪದಾರ್ಥ. ತೂಕ, ಆಕಾರ, ಗಾತ್ರಗಳು ವಸ್ತುವಿಗೆ ಸೇರಿದವು. ಸಾಂದ್ರತೆ, ಗಡಸುತನ, ಉಷ್ಣವನ್ನು ಸಾಗಿಸುವ ಶಕ್ತಿ ಮುಂತಾದ ಭೌತ ಗುಣಗಳು, ಅಂದರೆ ಪದಾರ್ಥವು ಬೇರೊಂದಾಗಿ ಮಾರ್ಪಡದೆಯೇ ಅಳೆಯಬಹುದಾದ ಗುಣಗಳು, ಪದಾರ್ಥಕ್ಕೆ ಸೇರಿದವು.

ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂಬುದು ಈ ಕಲ್ಪನೆಗಳಲ್ಲೆಲ್ಲ ಹಳೆಯದು. ಕೆಲವೇ ಗ್ರಾಂ ತೂಗುವ ಮೊಳೆ ಬಾವಿಯ ತಳ ಸೇರುತ್ತದೆ, ಹತ್ತಾರು ಜನ ಸೇರಿ ಎತ್ತಬೇಕಾದ ದಿಮ್ಮಿ ಹೊಳೆಯಲ್ಲಿ ತೇಲುತ್ತದೆ ಎಂಬುದನ್ನು ನೋಡಿದವರೂ ಇದನ್ನೇ ನಂಬುತ್ತಾರೆ. ಮುಳುಗುವುದನ್ನು ನಿರ್ಧರಿಸುವುದು ಒಟ್ಟು ತೂಕವಲ್ಲ, ಸಾಂದ್ರತೆ, ಎಂದರೆ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಎಷ್ಟು ಗ್ರಾಂ ದ್ರವ್ಯವಿದೆ ಎಂಬ ಅಳತೆ. ನೀರಿಗೆ ಇದು ಸುಮಾರು 1, ಮಂಜುಗಡ್ಡೆಗೆ 0.92, ಕಬ್ಬಿಣಕ್ಕೆ 7.9, ಪಾದರಸಕ್ಕೆ 13.6. ಆದ್ದರಿಂದ ನೀರಿನಲ್ಲಿ ಮುಳುಗುವ ಮೊಳೆಯೇ ಪಾದರಸದ ಮೇಲೆ ತೇಲುತ್ತದೆ, ನೀರಿನ ಮೇಲೆ ತೇಲುವ ಮಂಜುಗಡ್ಡೆಯು ಸಾಂದ್ರತೆ 0.8ರಷ್ಟಿರುವ ಸೀಮೆಎಣ್ಣೆಯಲ್ಲಿ ತಳ ಸೇರುತ್ತದೆ. ಮರವೆಲ್ಲ ತೇಲುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ: ಕರಿಮರದ ಮತ್ತು ರಕ್ತಚಂದನದ ಚೇಗು ಸಾಮಾನ್ಯವಾಗಿ ನೀರಿಗಿಂತ ಸಾಂದ್ರವಾದ್ದರಿಂದ ಮುಳುಗುತ್ತದೆ. ಉಕ್ಕಿನ ಹಡಗು ತೇಲುವುದು ಉಕ್ಕಿನ ಗುಣದಿಂದಲ್ಲ. ಒಡಲೊಳಗಿನ ಗಾಳಿಯನ್ನೂ ಸೇರಿಸಿದಾಗ ಇಡೀ ಹಡಗಿನ ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆಯಾಗುವುದರಿಂದ, ಅಂದರೆ ಅದು ವಸ್ತುವಿನ ಗುಣ. ಇದರ ಜೊತೆಗೆ ಮಂದವಾದ ದ್ರವವೇ ಸಾಂದ್ರವಾದ ದ್ರವ ಎಂಬ ಗೊಂದಲವೂ ಇದೆ. ಹರಳೆಣ್ಣೆ ನೀರಿಗಿಂತ ಎಷ್ಟೋ ಪಟ್ಟು ನಿಧಾನವಾಗಿ ಹರಿಯುತ್ತದೆ, ಆದರೂ ಅದರ ಸಾಂದ್ರತೆ 0.96 ಮಾತ್ರವಾದ್ದರಿಂದ ನೀರಿನ ಮೇಲೆಯೇ ನಿಲ್ಲುತ್ತದೆ; ಹರಿವಿಗೆ ಒಡ್ಡುವ ತಡೆಗೆ ಸ್ನಿಗ್ಧತೆ ಎಂಬ ಬೇರೆಯೇ ಹೆಸರಿದೆ.

ಅಯಸ್ಕಾಂತದ ವಿಷಯದಲ್ಲಿ ಮಕ್ಕಳಷ್ಟೇ ಅಲ್ಲ, ಪಾತ್ರೆ ಅಂಗಡಿಗೆ ಹೋಗುವ ದೊಡ್ಡವರೂ ತಪ್ಪುತ್ತಾರೆ. ಲೋಹಗಳೆಲ್ಲ ಅಯಸ್ಕಾಂತಕ್ಕೆ ಅಂಟುತ್ತವೆ ಎಂಬ ಮೊದಲ ನಂಬಿಕೆಯನ್ನು ತಾಮ್ರದ ಚೊಂಬು, ಹಿತ್ತಾಳೆಯ ದೀಪ, ಅಲ್ಯೂಮಿನಿಯಂ ಬೋಗುಣಿ, ಬೆಳ್ಳಿಯ ಬಟ್ಟಲುಗಳೇ ಸುಳ್ಳು ಮಾಡುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಬಲವಾಗಿ ಸೆಳೆಯಲ್ಪಡುವ, ಬಳಕೆಯಲ್ಲಿ ಸಿಗುವ ಶುದ್ಧ ಲೋಹಗಳೆಂದರೆ ಕಬ್ಬಿಣ, ನಿಕ್ಕೆಲ್ ಮತ್ತು ಕೋಬಾಲ್ಟ್. ಅಂಟದಿದ್ದರೆ ಅಸಲಿ ಸ್ಟೀಲ್, ಅಂಟಿದರೆ ನಕಲಿ ಎಂಬ ಎರಡನೆಯ ನಂಬಿಕೆ ಹೆಚ್ಚು ಸೂಕ್ಷ್ಮವಾದದ್ದು. ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕ್ಕೆಲ್ ಬೆರೆತ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬಹುಪಾಲು ಕಬ್ಬಿಣವೇ ಇದ್ದರೂ ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಏಕೆಂದರೆ ಕಾಂತಗುಣವು ಯಾವ ಪರಮಾಣುಗಳಿವೆ ಎಂಬುದರ ಜೊತೆಗೆ ಅವು ಹೇಗೆ ಜೋಡಿಕೊಂಡಿವೆ ಎಂಬುದನ್ನೂ ಅವಲಂಬಿಸಿದೆ. ನಿಕ್ಕೆಲ್ ಇಲ್ಲದೆ ಕ್ರೋಮಿಯಂ ಮಾತ್ರ ಬೆರೆತ ಇನ್ನೊಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಚೆನ್ನಾಗಿಯೇ ಅಂಟುತ್ತದೆ, ತುಕ್ಕನ್ನೂ ತಡೆಯುತ್ತದೆ. ಭಾರತದ ಒಂದು ರೂಪಾಯಿಯ ಸ್ಟೀಲ್ ನಾಣ್ಯ ಶೇ 83 ಕಬ್ಬಿಣ, ಶೇ 17 ಕ್ರೋಮಿಯಂ ಇರುವ ಇಂಥದೇ ಮಿಶ್ರಲೋಹದ್ದು. ಅಂಟುವ ಸ್ಟೀಲನ್ನು ನಕಲಿಯೆಂದು ದೂರವಿಡುವವರೇ ಇಂಡಕ್ಷನ್ ಒಲೆಗೆ ಅಯಸ್ಕಾಂತ ಅಂಟುವ ತಳದ ಪಾತ್ರೆಯನ್ನು ಹುಡುಕಬೇಕಾಗುತ್ತದೆ. ಇನ್ನೂ ಹತ್ತಿರದಿಂದ ನೋಡಿದರೆ, ಅಂಟದ ಸ್ಟೀಲಿನ ಬಟ್ಟಲಿನ ನಡುವೆ ಜಾರಿ ಬೀಳುವ ಅಯಸ್ಕಾಂತವು ಅದರ ಮಡಿಸಿದ ಅಂಚಿನಲ್ಲಿ ತುಸು ಹಿಡಿದುಕೊಳ್ಳುವುದುಂಟು. ಬಗ್ಗಿಸಿ ಎಳೆದ ಕಡೆ ಪರಮಾಣುಗಳ ಜೋಡಣೆಯು ಅಷ್ಟರಮಟ್ಟಿಗೆ ಬದಲಾಗಿರುತ್ತದೆ. ಬಣ್ಣವನ್ನು ನೋಡಿ ಲೋಹವನ್ನು ಗುರುತಿಸುವುದೂ ಅಷ್ಟೇ ಅಪಾಯಕರ. ಕಬ್ಬಿಣದಂತೆ ಕಪ್ಪಗೆ ಕಾಣುವ ಬೀದರಿನ ಬಿದ್ರಿ ಹೂಜಿಯು ಬಹುಪಾಲು ಸತುವು, ಸ್ವಲ್ಪ ತಾಮ್ರ ಸೇರಿದ ಮಿಶ್ರಲೋಹದಲ್ಲಿ ಎರಕಹೊಯ್ದದ್ದು. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಉಪಚಾರದಿಂದ ಅದರ ಮೈ ಕಪ್ಪಾಗುತ್ತದೆ, ಕೆತ್ತಿ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಹೂಜಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ.

ಮುಟ್ಟಿ ನೋಡಿ ವಿಂಗಡಿಸುವಾಗ ಲೋಹ ತಣ್ಣಗಿರುತ್ತದೆ, ಕಂಬಳಿ ಬೆಚ್ಚಗಿರುತ್ತದೆ ಎಂದು ಬರೆದುಕೊಳ್ಳುವುದು ವಾಡಿಕೆ. ಚಳಿಗಾಲದ ಮುಂಜಾನೆ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಸ್ಟೀಲ್ ಲೋಟ, ಮರದ ಮಣೆ, ಕಂಬಳಿ ಈ ಮೂರಕ್ಕೂ ಉಷ್ಣಮಾಪಕವನ್ನು ತಾಗಿಸಿದರೆ ಅದು ತೋರಿಸುವುದು ಒಂದೇ ಉಷ್ಣತೆಯನ್ನು. ಚರ್ಮಕ್ಕೆ ತಿಳಿಯುವುದು ವಸ್ತುವಿನ ಉಷ್ಣತೆಗಿಂತ ಹೆಚ್ಚಾಗಿ ಮೈಯಿಂದ ಶಾಖ ಹೊರಹರಿಯುವ ವೇಗ; ಲೋಹವು ಶಾಖವನ್ನು ಬೇಗ ಒಯ್ಯುವ ವಾಹಕವಾದ್ದರಿಂದ ಬೆರಳು ಬೇಗ ತಣ್ಣಗಾಗುತ್ತದೆ, ಮರವೂ ಉಣ್ಣೆಯೂ ಒಯ್ಯುವುದು ತೀರ ನಿಧಾನ. ತಾಮ್ರವು ಒಣಮರಕ್ಕಿಂತ ಸಾವಿರಾರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಲೋಹಗಳೆಲ್ಲ ಇದರಲ್ಲಿ ಸಮಾನವೂ ಅಲ್ಲ: ಸ್ಟೇನ್‌ಲೆಸ್ ಸ್ಟೀಲಿನ ವಾಹಕತೆ ತಾಮ್ರದ ಇಪ್ಪತ್ತರಲ್ಲಿ ಒಂದು ಭಾಗದಷ್ಟೂ ಇಲ್ಲದಿರುವುದರಿಂದಲೇ ಅಡುಗೆಯ ಸ್ಟೀಲ್ ಪಾತ್ರೆಗಳಿಗೆ ತಾಮ್ರದ ತಳ ಕೂರಿಸುವ ರೂಢಿ ಬಂದಿದೆ. ಕಂಬಳಿಯು ಶಾಖವನ್ನು ಹುಟ್ಟಿಸುತ್ತದೆ ಎಂದು ನಂಬಿದ ವಿದ್ಯಾರ್ಥಿಗೆ ವಿವರಣೆಗಿಂತ ಪ್ರಯೋಗವೇ ಮೇಲು. ಒಂದೇ ಗಾತ್ರದ ಎರಡು ಮಂಜುಗಡ್ಡೆಯ ತುಂಡುಗಳಲ್ಲಿ ಒಂದನ್ನು ಬಯಲಿಗಿಟ್ಟು ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಸುತ್ತಿದ ತುಂಡೇ ಹೆಚ್ಚು ಹೊತ್ತು ಉಳಿಯುತ್ತದೆ, ಏಕೆಂದರೆ ಉಣ್ಣೆಯ ಎಳೆಗಳ ನಡುವೆ ಸಿಕ್ಕಿದ ಗಾಳಿಯು ಒಳಗಿನ ಶಾಖವನ್ನು ಹೊರಗೆ ಬಿಡದಿರುವಂತೆಯೇ ಹೊರಗಿನ ಶಾಖವನ್ನು ಒಳಗೂ ಬಿಡುವುದಿಲ್ಲ. ಮಂಜುಗಡ್ಡೆ ಮಾರುವವರು ಮರದ ಹೊಟ್ಟನ್ನೂ ಗೋಣಿತಾಟನ್ನೂ ಬಳಸುವುದು ಇದೇ ತತ್ತ್ವದ ಮೇಲೆ.

ಸುರಿಯಬಹುದಾದದ್ದೆಲ್ಲ ದ್ರವ ಎಂಬ ಕಲ್ಪನೆಯಿಂದ ರವೆ, ಮರಳುಗಳು ಕೆಲವೊಮ್ಮೆ ತಪ್ಪು ಗುಂಪಿಗೆ ಸೇರುತ್ತವೆ. ಅವುಗಳ ಪ್ರತಿ ಕಣಕ್ಕೂ ತನ್ನದೇ ಆಕಾರವಿದೆ, ಸುರಿದಾಗ ಅವು ಗುಡ್ಡೆಯಾಗಿ ನಿಲ್ಲುತ್ತವೆ. ಆದ್ದರಿಂದ ಅವು ಘನಗಳು. ವಿದ್ಯುತ್ತನ್ನು ಹರಿಯಗೊಡುವುದು ಲೋಹ ಮಾತ್ರ ಎಂಬುದನ್ನು ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಅಲ್ಲಗಳೆಯುತ್ತದೆ. ಅದು ಸೀಸವಲ್ಲ, ಇಂಗಾಲದ ಒಂದು ರೂಪ, ಅಲೋಹವಾದರೂ ಹೊಳಪುಳ್ಳದ್ದು ಮತ್ತು ವಾಹಕ.

ಬೆಳಕನ್ನು ಪೂರ್ತಿ ಬಿಡುವ ಪಾರದರ್ಶಕ, ಅರೆಬರೆ ಬಿಡುವ ಅರೆಪಾರದರ್ಶಕ, ಬಿಡದ ಅಪಾರದರ್ಶಕ ಎಂಬ ಮೂರು ಗುಂಪುಗಳನ್ನು ಕಾಯಂ ಎಂದು ತಿಳಿಯುವುದೂ ಸರಿಯಲ್ಲ. ಬೋಂಡಾ ಕಟ್ಟಿದ ಕಾಗದದಲ್ಲಿ ಎಣ್ಣೆ ಹೀರಿದ ಭಾಗವನ್ನು ಬೆಳಕಿಗೆ ಹಿಡಿದರೆ ಅಷ್ಟು ಜಾಗ ಮಾತ್ರ ಬೆಳಗುತ್ತದೆ. ಒಣಕಾಗದದಲ್ಲಿ ನಾರುಗಳ ನಡುವಿನ ಗಾಳಿಯಿಂದಾಗಿ ಬೆಳಕು ಪ್ರತಿ ಅಂಚಿನಲ್ಲೂ ಚದುರುತ್ತದೆ. ಆ ಸಂದುಗಳಿಗೆ ಎಣ್ಣೆ ತುಂಬಿದಾಗ, ಎಣ್ಣೆಯೂ ನಾರೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಬಾಗಿಸುವುದರಿಂದ, ಚದುರುವುದು ಕಡಿಮೆಯಾಗಿ ಬೆಳಕು ದಾಟಿ ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಪಾರದರ್ಶಕವಾದ ಗಾಜನ್ನು ನುಣ್ಣಗೆ ಪುಡಿಮಾಡಿದರೆ ಆಚೆಬದಿ ಕಾಣದ ಬಿಳಿಯ ಪುಡಿಯಾಗುತ್ತದೆ. ಆದ್ದರಿಂದ ಕಾಗದ, ಗಾಜು ಎಂದು ಹೆಸರು ಹೇಳಿ ಉತ್ತರವನ್ನು ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯವೇ ಸರಿ; ಎಷ್ಟು ದಪ್ಪದ್ದು, ಒಣಗಿದ್ದೋ ನೆನೆದದ್ದೋ, ಇಡಿಯೋ ಪುಡಿಯೋ ಎಂಬುದನ್ನೂ ಅವರು ಕೇಳುವಂತಾಗಬೇಕು.

ಕಲ್ಲೆಂದರೆ ಗಟ್ಟಿ ಎಂಬ ಗಾಢ ನಂಬಿಕೆಗೆ ಕರ್ನಾಟಕದಲ್ಲಿಯೇ ಉತ್ತರವಿದೆ. ಒಂದು ಪದಾರ್ಥವು ಮತ್ತೊಂದನ್ನು ಗೀಚಬಲ್ಲದೇ ಎಂಬುದೇ ಗಡಸುತನದ ಪರೀಕ್ಷೆ. ಇದರ ಆಧಾರದ ಮೇಲೆ ಫ್ರೀಡ್ರಿಕ್ ಮೋಸ್ 1812ರಲ್ಲಿ ಖನಿಜಗಳನ್ನು 1ರಿಂದ 10ರವರೆಗೆ ಸಾಲಾಗಿ ಜೋಡಿಸಿದರು. ಅದರಲ್ಲಿ ಟಾಲ್ಕ್ ಖನಿಜದ್ದು ಮೊದಲನೆಯ ಸ್ಥಾನ, ಸುಮಾರು 2.5ರಷ್ಟಿರುವ ಉಗುರು ಕೂಡ ಅದನ್ನು ಗೀಚುತ್ತದೆ. ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪ ಟಾಲ್ಕ್ ಹೆಚ್ಚಾಗಿರುವ ಕಲ್ಲು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯವೂ ಹಳೇಬೀಡಿನ ದೇವಾಲಯವೂ ಬಳಪದ ಕಲ್ಲೆಂದು ಕರೆಯುವ ಇಂಥದೇ ಮೃದು ಶಿಲೆಯವು, ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸುವ ಅಲ್ಲಿನ ಕೆತ್ತನೆಗೆ ಶಿಲ್ಪಿಗಳ ಕೌಶಲದೊಂದಿಗೆ ಕಲ್ಲಿನ ಈ ಗುಣವೂ ಒದಗಿಬಂದಿದೆ. ಗ್ರಾನೈಟಿನಲ್ಲಿರುವ ಕ್ವಾರ್ಟ್ಸ್ ಮಾತ್ರ 7ರಷ್ಟು ಗಡಸು. ಹತ್ತನೆಯ ಸ್ಥಾನದ ವಜ್ರವು ಸುತ್ತಿಗೆಗೆ ಒಡೆಯುವುದಿಲ್ಲ ಎಂಬುದು ಮತ್ತೊಂದು ತಪ್ಪು ತಿಳಿವಳಿಕೆ. ಗೀಚಿಗೆ ಒಡ್ಡುವ ತಡೆ ಗಡಸುತನ. ಏಟಿಗೆ ಬಾಗದೆ ಬಿರಿಯುವುದು ಭಂಗುರತೆ. ವಜ್ರ ಗಡಸೂ ಹೌದು, ಭಂಗುರವೂ ಹೌದು, ನಿರ್ದಿಷ್ಟ ದಿಕ್ಕಿನಲ್ಲಿ ಏಟು ಬಿದ್ದರೆ ನುಣುಪಾಗಿ ಸೀಳಿಹೋಗುತ್ತದೆ. ಸೀಸವಾದರೋ ಗಡಸೂ ಅಲ್ಲ, ಭಂಗುರವೂ ಅಲ್ಲ, ಬಡಿದಷ್ಟೂ ಚಪ್ಪಟೆಯಾಗುತ್ತ ಹೋಗುತ್ತದೆ.