ಅದೃಷ್ಟ ಚೀಟಿ: ಕಾಣಿಕೆಯೋ, ಆಸೆಯೋ?

ಹಬ್ಬದ ಬಲಿಪೂಜೆ ಮುಗಿಸಿ ಹೊರಬಂದೊಡನೆ ಯುವಜನರು ಅದೃಷ್ಟ ಚೀಟಿಯ ಪುಸ್ತಕ ಹಿಡಿದು ಎದುರು ನಿಲ್ಲುತ್ತಾರೆ. ದೇವಾಲಯದ ಕಟ್ಟಡಕ್ಕೆ ಅಥವಾ ಬಡಮಕ್ಕಳ ಓದಿಗೆ ಸಹಾಯವಾಗಲಿ ಎಂದು ನಾವು ಒಂದೆರಡು ಚೀಟಿ ಕೊಳ್ಳುತ್ತೇವೆ. ಆದರೆ ನಾವು ಮೊದಲು ಓದುವುದು ಏನನ್ನು? ಬಹುಮಾನಗಳ ಪಟ್ಟಿಯನ್ನು!

ಈ ಆಸೆಯ ಬೇರನ್ನು ತಿಳಿಯಲು 1920ರ ದಶಕದ ಅಮೆರಿಕದ ಒಂದು ಚೀಟಿಯನ್ನು ನೋಡೋಣ. ಅಂಗೈಯಗಲದ ಕಾಗದ; ಅದರಲ್ಲಿ ಸಂಖ್ಯೆ, ಕೆಲವು ಸೆಂಟುಗಳ ಬೆಲೆ, ಡ್ರಾ ದಿನಾಂಕ. ಅರ್ಧ ಕೊಂಡವರ ಕೈಗೆ, ಹೆಸರು ಬರೆದ ಇನ್ನರ್ಧ ಪೆಟ್ಟಿಗೆಗೆ. ಲಾಟರಿ ಚೀಟಿಗಳನ್ನು ಅಂಚೆಯಲ್ಲಿ ಕಳುಹಿಸುವುದನ್ನು ಅಲ್ಲಿನ ಸರ್ಕಾರ 1890ರಲ್ಲೂ, ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು 1895ರಲ್ಲೂ ನಿಷೇಧಿಸಿತ್ತು. ಹೀಗಾಗಿ ಧರ್ಮಕೇಂದ್ರಗಳ, ಸಂಘಗಳ ಚೀಟಿಗಳು ನೆರೆಹೊರೆಯಲ್ಲೇ ಕೈಯಿಂದ ಕೈಗೆ ಮಾರಾಟವಾಗುತ್ತಿದ್ದವು.

ಮುಂಚೆ ಬಹುಮಾನವೆಂದರೆ ಮಹಿಳೆಯರು ಹೊಲಿದ ಕೌದಿ, ಸಾಕಿದ ಟರ್ಕಿ ಕೋಳಿ. ಅವುಗಳ ಜೊತೆಗೆ ಈಗ ಹೊಸದೊಂದು ಸೇರಿತು: ಫೋರ್ಡ್ ಕಾರು. 1908ರಲ್ಲಿ ಮಾಡೆಲ್ ಟಿ ಕಾರು ಮಾರುಕಟ್ಟೆಗೆ ಬಂದಾಗ ಅದರ ಬೆಲೆ 850 ಡಾಲರ್. 1913ರಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಜೋಡಣೆ ಮರುವರ್ಷ ಸುಮಾರು 93 ನಿಮಿಷಕ್ಕೆ ಇಳಿಯಿತು. 1925ರ ಹೊತ್ತಿಗೆ ಅತಿ ಅಗ್ಗದ ಮಾದರಿಗೆ 260 ಡಾಲರ್ ಸಾಕಾಗಿತ್ತು. ಆದರೂ ದುಡಿಯುವ ಕುಟುಂಬಕ್ಕೆ ಅದು ದೊಡ್ಡ ಮೊತ್ತವೇ. ಜನರಲ್ ಮೋಟಾರ್ಸ್ 1919ರಲ್ಲಿ ಕಾರುಕೊಳ್ಳುವವರಿಗೆ ಸಾಲ ಕೊಡಲೆಂದೇ ಒಂದು ಸಂಸ್ಥೆ ತೆರೆಯಿತು. ಕಂತು ಕಟ್ಟಲೂ ಆಗದವರಿಗೆ ಉಳಿದದ್ದು ಈ ಚೀಟಿ. ಕೊಳ್ಳುವ ಶಕ್ತಿ ಬರುವ ಮೊದಲೇ 'ನನಗೂ ಬೇಕು' ಎಂಬ ಆಸೆಯನ್ನು ಅದು ಮನೆಮನೆಗೆ ತಂದಿತು.

ಹಾಗಾದರೆ ಚೀಟಿ ಕೊಳ್ಳುವುದು ಪಾಪವೇ? ಅಲ್ಲ. ಅದೃಷ್ಟದಾಟಗಳು ತಮ್ಮಷ್ಟಕ್ಕೆ ನ್ಯಾಯಕ್ಕೆ ವಿರುದ್ಧವಲ್ಲ. ಒಬ್ಬನ ಮತ್ತು ಇತರರ ಅಗತ್ಯಗಳನ್ನು ಕಸಿದುಕೊಂಡಾಗ ಅವು ಅನೈತಿಕವಾಗುತ್ತವೆ ಎಂದು ಧರ್ಮಸಭೆಯ ಧರ್ಮೋಪದೇಶ (ಸಂಖ್ಯೆ 2413) ತಿಳಿಸುತ್ತದೆ. ಮನೆಯ ಅಕ್ಕಿಯ ಹಣ ಚೀಟಿಗೆ ಹೋಗಬಾರದು.

ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯನ್ನು (ಮಾರ್ಕ 12:41-44) ನೆನೆಯೋಣ. ಆಕೆಯ ಕೈಯಲ್ಲಿ ಅರ್ಧ ಚೀಟಿ ಉಳಿದಿರಲಿಲ್ಲ. ಪ್ರಿಯರೇ, ಮುಂದಿನ ಹಬ್ಬಕ್ಕೂ ಚೀಟಿ ಕೊಳ್ಳೋಣ; ಆದರೆ ನಮ್ಮ ಅರ್ಧ ಚೀಟಿ ಕಳೆದುಹೋದರೂ ಕೊಟ್ಟ ಸಂತೋಷ ಕಳೆಯದ ಹಾಗೆ ಕೊಳ್ಳೋಣ.